ಮೈಕ್ ಗಾಡಿಗೆ ಎರಡನೇ ಬ್ಯಾಟರಿ ಹಾಕಿಸಿದ ಏಳು ವಾರ

ಕಾರ್ತಿಕ ದೀಪೋತ್ಸವದ ಸಂಜೆ. ಪಲ್ಲಕ್ಕಿ ನಮ್ಮ ಗಾಡಿಯ ಹಿಂದೆ ಬರುತ್ತಿತ್ತು. ಭಜನೆಯವರ ಮೈಕು, ನಾಲ್ಕು ಹಾರ್ನ್ ಸ್ಪೀಕರು, ಎರಡು ಆಂಪ್ಲಿಫೈಯರ್ ಎಲ್ಲಾ ನಮ್ಮ ಪಿಕಪ್ಪಿನ ಮೇಲೆ. ಪ್ರತಿ ಮನೆ ಮುಂದೆ ಆರತಿಗೆ ನಿಲ್ಲಬೇಕು. ಡೀಸೆಲ್ ಹೊಗೆ ಪಲ್ಲಕ್ಕಿಗೆ ಬಡಿಯಬಾರದು ಅಂತ ನಿಂತಾಗೆಲ್ಲ ಎಂಜಿನ್ ಆಫ್ ಮಾಡುತ್ತಿದ್ದೆ. ಒಂಬತ್ತನೇ ಮನೆಯೋ ಹತ್ತನೇ ಮನೆಯೋ ಇರಬೇಕು. ಹಾಡುವವರ ದನಿ ಮೊದಲು ಗೊರಗೊರ ಅಂತು. ಆಮೇಲೆ ಕಡಿದು ಕಡಿದು ಬಂತು. ಆಮೇಲೆ ಪೂರ್ತಿ ನಿಂತಿತು. ಓಡಿ ಹೋಗಿ ಕೀ ತಿರುಗಿಸಿದೆ. ಸೆಲ್ಫ್ ಕಟಕಟ ಅಂದು ಸುಮ್ಮನಾಯಿತು. ಆರತಿ ತಟ್ಟೆ ಹಿಡಿದು ನಿಂತಿದ್ದ ಹುಡುಗರೇ ಬಂದು ಗಾಡಿ ತಳ್ಳಿದರು. ಆ ಹೊತ್ತಿನಲ್ಲಿ ನನಗೆ ತಲೆ ಎತ್ತಿ ನಿಲ್ಲಲು ಆಗಲಿಲ್ಲ.

ಸಾಗರದ ಹತ್ತಿರ ನಮ್ಮದು ಸಣ್ಣ ಮೈಕ್ ಸೆಟ್. ಅಪ್ಪಯ್ಯ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಯಕ್ಷಗಾನ ಆಟದ ಪ್ರಚಾರ, ದೇವಸ್ಥಾನದ ಕೆಲಸ, ಶಾಲೆ ವಾರ್ಷಿಕೋತ್ಸವ, ರಾಜ್ಯೋತ್ಸವ ಮೆರವಣಿಗೆ, ಇಷ್ಟೇ ನಮ್ಮ ವ್ಯವಹಾರ. ದೊಡ್ಡ ಡಿಜೆ ಅಲ್ಲ. ಆದರೂ ಗಾಡಿ ಬ್ಯಾಟರಿಯಲ್ಲೇ ಸೌಂಡ್ ನಡೆಸುವವರಿಗೆ ಈ ತೊಂದರೆ ತಪ್ಪಿದ್ದಲ್ಲ. ಅವತ್ತಿನಿಂದ ಎರಡನೇ ಬ್ಯಾಟರಿ ಸರಿಯಾಗಿ ಕೂರುವ ತನಕ ಏಳು ವಾರ ಹಿಡಿಯಿತು. ತಿಳಿದಿದ್ದರೆ ಒಂದೇ ವಾರದ ಕೆಲಸ. ಇದೇ ಕೆಲಸಕ್ಕೆ ಕೈ ಹಾಕುವವರು ಅಷ್ಟು ಅಲೆಯುವುದು ಬೇಡ ಅಂತ ಎಲ್ಲ ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದೇ ತಪ್ಪು. ಮರುದಿನವೇ ಗಡಿಬಿಡಿಯಲ್ಲಿ ಒಂದು ಅಂಗಡಿಗೆ ಹೋದೆ. "ಇನ್ನೊಂದು ಬ್ಯಾಟರಿ ಜೋಡಿಸಿಬಿಡೋಣ, ಡಬಲ್ ಹೊತ್ತು ಬರುತ್ತೆ" ಅಂದರು. 2,000 ರೂಪಾಯಿಗೆ ಒಂದು ಸೆಕೆಂಡ್ ಹ್ಯಾಂಡ್ ಬ್ಯಾಟರಿ ಕೊಟ್ಟರು. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ನೇರವಾಗಿ ವೈರ್ ಎಳೆದರು. ವೈರು, ಕೂಲಿ ಸೇರಿ ಇನ್ನೊಂದು 900. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ನಾನೂ ಖುಷಿಯಾಗಿ ಮನೆಗೆ ಬಂದೆ.

ನಾಲ್ಕನೇ ದಿನ ಬೆಳಗ್ಗೆ ಗಾಡಿ ಸ್ಟಾರ್ಟೇ ಆಗಲಿಲ್ಲ. ಹಿಂದಿನ ದಿನ ಮೈಕ್ ಹಾಕಿರಲೂ ಇಲ್ಲ. ಮೀಟರ್ ಇಟ್ಟರೆ ಎರಡೂ ಬ್ಯಾಟರಿ 11.4 ವೋಲ್ಟ್.

ಆಗ ಅಪ್ಪಯ್ಯ ಹೇಳಿದ್ದು ಇಷ್ಟೇ: "ಎರಡು ಎತ್ತನ್ನ ಒಂದೇ ಹಗ್ಗಕ್ಕೆ ಕಟ್ಟಿದ್ಯಲ್ಲ ಮಾರಾಯ, ಒಂದು ಬಿದ್ರೆ ಇನ್ನೊಂದನ್ನೂ ಎಳ್ಕೊಂಡು ಬೀಳುತ್ತೆ." ನಿಜಕ್ಕೂ ಆಗಿದ್ದು ಅದೇ. ಹಳೆ ಬ್ಯಾಟರಿಯ ಒಂದು ಸೆಲ್ ಸೋತಿತ್ತು. ಚೆನ್ನಾಗಿದ್ದ ಬ್ಯಾಟರಿ ರಾತ್ರಿಯಿಡೀ ಅದಕ್ಕೆ ಕರೆಂಟ್ ಕೊಡುತ್ತಾ ತಾನೂ ಖಾಲಿಯಾಗಿತ್ತು. ನೇರವಾಗಿ ಜೋಡಿಸಿದರೆ ಅದು ಎರಡು ಬ್ಯಾಟರಿ ಅಲ್ಲ, ಒಂದೇ ದೊಡ್ಡ ಬ್ಯಾಟರಿ. ಹಾಡು ನಿಂತಾಗ ಸೆಲ್ಫೂ ನಿಲ್ಲುತ್ತೆ. ನನಗೆ ಬೇಕಿದ್ದದ್ದು ಹಾಡು ನಿಂತರೂ ಗಾಡಿ ಸ್ಟಾರ್ಟ್ ಆಗುವ ವ್ಯವಸ್ಥೆ. ಹಾಗಾಗಬೇಕಾದರೆ ಎರಡರ ನಡುವೆ ತಾನಾಗಿ ತೆರೆದು ಮುಚ್ಚುವ ಒಂದು ಬಾಗಿಲು ಬೇಕು. ಎಂಜಿನ್ ಓಡುವಾಗ ಎರಡೂ ಸೇರಿ ಚಾರ್ಜ್ ಆಗಬೇಕು. ಎಂಜಿನ್ ನಿಂತಾಗ ಎರಡೂ ಬೇರೆ ಬೇರೆಯಾಗಬೇಕು.

ಅಪ್ಪಯ್ಯನ ಕಾಲದಲ್ಲಿ ಆ ಬಾಗಿಲು ಮನುಷ್ಯನೇ. ಮೈಕಿಗೆ ಬೇರೆ ಬ್ಯಾಟರಿ, ಗಾಡಿಗೆ ಬೇರೆ. ಕಾರ್ಯಕ್ರಮ ಮುಗಿದ ಮೇಲೆ ಬ್ಯಾಟರಿ ಹೊತ್ತುಕೊಂಡು ಹೋಗಿ ಪೇಟೆಯ ಅಂಗಡಿಯಲ್ಲಿ ಚಾರ್ಜಿಗೆ ಕೊಟ್ಟು ಬರುತ್ತಿದ್ದರು. ಅವರ ಹಳೆ ಅಂಗಿಗಳಲ್ಲಿ ಆ್ಯಸಿಡ್ ಬಿದ್ದ ತೂತು ಇಲ್ಲದ ಅಂಗಿ ನಾನು ನೋಡಿಲ್ಲ.

ಎರಡನೇ ಸಲ ಅವಸರ ಮಾಡಲಿಲ್ಲ. ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋಗಿ ಪರಿಚಯದ ಒಬ್ಬ ಎಲೆಕ್ಟ್ರಿಷಿಯನ್ ಅವರನ್ನು ಕಂಡೆ. ವಯಸ್ಸಾದವರು. ಗಾಡಿ ನೋಡುವ ಮೊದಲೇ ಕೇಳಿದರು, "ಎಷ್ಟು ಆಂಪಿಯರ್ ಎಳೆಯುತ್ತೆ ನಿಮ್ಮ ಸೆಟ್ಟು?" ನನಗೆ ಗೊತ್ತಿರಲಿಲ್ಲ. "160 ವಾಟಿಂದು ಎರಡು" ಅಂದೆ. "ಅದು ಡಬ್ಬಿ ಮೇಲೆ ಬರೆದಿರೋದು ಅಣ್ಣ. ಬ್ಯಾಟರಿಯಿಂದ ಎಷ್ಟು ಹೋಗುತ್ತೆ ಅಳೆದು ಬನ್ನಿ" ಅಂತ ಹೇಳಿ, ವೈರಿಗೆ ಕಚ್ಚಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರನ್ನೇ ಎರಡು ದಿನಕ್ಕೆ ಕೈಗೆ ಕೊಟ್ಟು ಕಳಿಸಿದರು. ಅವರ ಆ ಒಂದು ಮಾತಿನಿಂದಲೇ ನನ್ನ ಕೆಲಸ ದಾರಿಗೆ ಬಂತು.

ಕ್ಲ್ಯಾಂಪ್ ಮೀಟರ್ ಕೊಳ್ಳುವವರಿಗೆ ಒಂದು ಮಾತು. ಡಿಸಿ ಆಂಪಿಯರ್ ಅಳೆಯುವಂಥದ್ದೇ ಬೇಕು. ಅಗ್ಗದವು ಬರೀ ಎಸಿ ಅಳೆಯುತ್ತವೆ. ಬ್ಯಾಟರಿ ವೈರಿಗೆ ಹಾಕಿದರೆ ಏನೂ ತೋರಿಸುವುದಿಲ್ಲ.

ಮನೆ ಅಂಗಳದಲ್ಲಿ ಅಳೆದೆ. ಎರಡೂ ಆಂಪ್ಲಿಫೈಯರ್ ಸುಮ್ನೆ ಆನ್ ಇದ್ದರೆ 2 ಆಂಪಿಯರ್. ನಾನು ಮಾತಾಡಿದರೆ 10ರಿಂದ 12. ಚೆಂಡೆ ಜೋರಾಗಿ ಬಂದಾಗ 28ರ ತನಕ ಹಾರುತ್ತಿತ್ತು. ಸರಾಸರಿ 14 ಅಂತ ಹಿಡಿದೆ. ಎಂಜಿನ್ ಆಫ್ ಮಾಡಿ ನಾಲ್ಕು ಗಂಟೆ ನಡೆಸಿದರೆ 56 ಆಂಪಿಯರ್ ಅವರ್. ಸೀಸದ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಆ ಲೆಕ್ಕಕ್ಕೆ 112 ಆಂಪಿಯರ್ ಅವರ್ ಬೇಕು. ಆದರೆ ಮೆರವಣಿಗೆಯಲ್ಲಿ ನಡುನಡುವೆ ಎಂಜಿನ್ ಓಡುವುದರಿಂದ 100 ಸಾಕು ಅಂದುಕೊಂಡೆ.

ಯಾವ ಬ್ಯಾಟರಿ ಅನ್ನೋದಕ್ಕೆ ಒಂದು ವಾರ ತಲೆ ಕೆಡಿಸಿಕೊಂಡೆ. ಗಾಡಿಗೆ ಬರುವ ಬ್ಯಾಟರಿ ಸೆಲ್ಫ್ ಹೊಡೆಯಲಿಕ್ಕೆ ಮಾಡಿದ್ದು. ಒಂದೇ ಏಟಿಗೆ ಇನ್ನೂರು ಮುನ್ನೂರು ಆಂಪಿಯರ್ ಕೊಡುತ್ತದೆ, ಆದರೆ ಗಂಟೆಗಟ್ಟಲೆ ನಿಧಾನವಾಗಿ ಖಾಲಿಯಾಗುವುದು ಅದಕ್ಕೆ ಒಗ್ಗುವುದಿಲ್ಲ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಆಳಕ್ಕೆ ಖಾಲಿಯಾಗುವುದನ್ನು ತಡೆಯುತ್ತದೆ. ಆದರೆ 150ರದ್ದಾದರೆ ಒಬ್ಬನೇ ಎತ್ತಲಾಗದಷ್ಟು ಭಾರ. ನಮ್ಮ ಘಟ್ಟದ ರಸ್ತೆಯ ಕುಲುಕಾಟಕ್ಕೆ ಆ್ಯಸಿಡ್ ಚೆಲ್ಲುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬೇರೆ ಬಿಡುತ್ತದೆ, ಮುಚ್ಚಿದ ಜಾಗದಲ್ಲಿ ಅದು ಅಪಾಯ. ಕಾರಿನ ಡಿಕ್ಕಿಯಲ್ಲಿ, ಸೀಟಿನ ಕೆಳಗೆ ಇಡುವವರಂತೂ ನೀರು ಹಾಕುವ ಬ್ಯಾಟರಿಯ ಹತ್ತಿರವೇ ಹೋಗಬೇಡಿ. ಲಿಥಿಯಂ ಹಗುರ, ಒಳ್ಳೆಯದು ನಿಜ. ಆದರೆ ಅದನ್ನು ಡೈನಮೋಕ್ಕೆ ನೇರವಾಗಿ ಕೊಟ್ಟರೆ ಕರೆಂಟ್ ಮಿತಿಯಿಲ್ಲದೆ ಎಳೆದು ಡೈನಮೋ ಬಿಸಿಯಾಗುತ್ತದೆ. ಅದಕ್ಕೆ ಬೇರೆ ಚಾರ್ಜರ್ ಬೇಕು, ಬೆಲೆ ನನ್ನ ಕೈಗೆ ಮೀರಿದ್ದು. ಕೊನೆಗೆ ಎಜಿಎಂ ಅನ್ನುವ, ಸೀಲ್ ಆಗಿರುವ, ಆ್ಯಸಿಡ್ ಚೆಲ್ಲದ ಸೀಸದ ಬ್ಯಾಟರಿ ತೆಗೆದುಕೊಂಡೆ. 100 ಆಂಪಿಯರ್ ಅವರ್, ಸುಮಾರು 30 ಕೆಜಿ, 10,800 ರೂಪಾಯಿ. ಕೊಳ್ಳುವಾಗ ತಯಾರಾದ ತಿಂಗಳು ನೋಡಿ. ಅಂಗಡಿಯಲ್ಲೇ ಮೀಟರ್ ಇಡಿಸಿ. ನನಗೆ ಮೊದಲು ಕೊಟ್ಟದ್ದು 12.4 ತೋರಿಸಿತು, ಬೇಡ ಅಂದೆ. ಎರಡನೆಯದು 12.8 ಇತ್ತು.

ಇನ್ನು ನಡುವಿನ ಬಾಗಿಲು. ಅತಿ ಅಗ್ಗದ್ದು ಕೈಯಲ್ಲಿ ತಿರುಗಿಸುವ ಕಟ್‌ಆಫ್ ಸ್ವಿಚ್. ಮರೆತರೆ ಮುಗಿಯಿತು, ಕಾರ್ಯಕ್ರಮದ ಗಡಿಬಿಡಿಯಲ್ಲಿ ಮರೆತೇ ಮರೆಯುತ್ತೇವೆ. ಡಯೋಡ್ ಹಾಕಿದರೆ ಅದರಲ್ಲೇ 0.7 ವೋಲ್ಟ್ ಹತ್ತಿರ ಕಳೆದುಹೋಗಿ ಎರಡನೇ ಬ್ಯಾಟರಿ ಯಾವತ್ತೂ ಪೂರ್ತಿ ತುಂಬುವುದಿಲ್ಲ. ನಾನು ಆರಿಸಿದ್ದು ವಿಎಸ್‌ಆರ್, ಅಂದರೆ ವೋಲ್ಟೇಜ್ ನೋಡಿ ತಾನೇ ಕೆಲಸ ಮಾಡುವ ರಿಲೇ. ಎಂಜಿನ್ ಓಡಿ ವೋಲ್ಟೇಜ್ 13.3 ದಾಟಿದರೆ ಸೇರಿಸುತ್ತದೆ. 12.8ಕ್ಕೆ ಇಳಿದರೆ ಬಿಡಿಸುತ್ತದೆ.

ಶಿವಮೊಗ್ಗದಲ್ಲಿ ಎಲ್ಲೂ ಸಿಗಲಿಲ್ಲ. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗನಿಗೆ ಹೇಳಿದೆ. ಅವನು ಎಸ್‌ಪಿ ರಸ್ತೆಯಲ್ಲಿ ಹುಡುಕಿ ಬಸ್ಸಿಗೆ ಹಾಕಿದ. ಒಂಬತ್ತು ದಿನ ಕಾದು ಪಾರ್ಸಲ್ ಬಿಚ್ಚಿದರೆ ಅದು 24 ವೋಲ್ಟಿಂದು, ಲಾರಿ ಬಸ್ಸಿಗೆ ಹಾಕುವಂಥದ್ದು. ನೋಡಲಿಕ್ಕೆ ಎರಡೂ ಒಂದೇ ಥರ, ಕೆಳಗೆ ಸಣ್ಣ ಅಕ್ಷರದಲ್ಲಿ ಮಾತ್ರ ಬರೆದಿತ್ತು. ವಾಪಸ್ ಕಳಿಸಿ ಇನ್ನೊಂದು ಬರಲು ಮತ್ತೆ ಹನ್ನೊಂದು ದಿನ. ಅಷ್ಟರಲ್ಲಿ ಮೂರು ಆಟದ ಪ್ರಚಾರ ಕೈ ತಪ್ಪಿತು. ಆ ಇಪ್ಪತ್ತು ದಿನ ತುಂಬಾ ಬೇಜಾರಾಗಿತ್ತು. ರಸ್ತೆಯಲ್ಲಿ ಬೇರೆಯವರ ಮೈಕ್ ಕೇಳಿದರೂ ಸಂಕಟ. ತರಿಸುವವರು ಮೊದಲೇ ಫೋಟೋ ಹಾಕಿಸಿಕೊಂಡು 12 ವೋಲ್ಟ್ ಅನ್ನೋದನ್ನು ಓದಿ. 140 ಆಂಪಿಯರಿಂದು ನನಗೆ 3,400 ಬಿತ್ತು.

ಕಾಯುವಾಗ ವೈರ್ ತಂದಿಟ್ಟುಕೊಳ್ಳೋಣ ಅಂತ ಹೋಗಿ ಅಲ್ಲೂ ಮೋಸ ಹೋದೆ. ಕೆಂಪಗೆ, ದಪ್ಪಗೆ, ಚೆನ್ನಾಗಿ ಕಾಣುವ ಕೇಬಲ್. 900 ರೂಪಾಯಿ ಕೊಟ್ಟು ಏಳು ಮೀಟರ್ ತಂದೆ. ಎಲೆಕ್ಟ್ರಿಷಿಯನ್ ಒಂದು ಎಳೆ ಹಿಡಿದು ಬ್ಲೇಡಿನಲ್ಲಿ ಕೆರೆದರು. ಮೇಲಿನ ತಾಮ್ರದ ಬಣ್ಣ ಹೋಗಿ ಒಳಗೆ ಬೆಳ್ಳಗೆ ಹೊಳೆಯಿತು. ಅಲ್ಯೂಮಿನಿಯಂ. ಮೇಲೆ ತಾಮ್ರದ ಲೇಪ ಅಷ್ಟೇ. ಎಳೆಯನ್ನು ನಾಲ್ಕು ಸಲ ಆಚೆ ಈಚೆ ಬಗ್ಗಿಸಿದರು, ಪಟ್ಟನೆ ತುಂಡಾಯಿತು. ಕಾರ್ ಆಡಿಯೋ ಅಂಗಡಿಗಳಲ್ಲಿ ಕಿಟ್ ಅಂತ ಕೊಡುವ ಎಷ್ಟೋ ವೈರುಗಳು ಇದೇ ಜಾತಿಯವು ಅಂತ ಅವರು ಹೇಳಿದರು. ಅದೇ ದಪ್ಪದಲ್ಲಿ ಕರೆಂಟ್ ಕಮ್ಮಿ ಹೊರುತ್ತದೆ, ಬೇಗ ಬಿಸಿಯಾಗುತ್ತದೆ. ಬ್ಲೇಡ್ ಜೇಬಲ್ಲಿ ಇಟ್ಟುಕೊಂಡೇ ಅಂಗಡಿಗೆ ಹೋಗಿ.

ನಿಜವಾದ ತಾಮ್ರದ 25 ಸ್ಕ್ವೇರ್ ಎಂಎಂ ಕೇಬಲ್ ಮೀಟರಿಗೆ 330ರಂತೆ ಏಳು ಮೀಟರ್ ತಂದೆ, 2,310 ಆಯಿತು. ಅಷ್ಟು ದಪ್ಪ ಯಾಕೆ ಅಂತ ನಾನೂ ಕೇಳಿದ್ದೆ. ಬಾನೆಟ್ಟಿನಿಂದ ಹಿಂದಿನ ಪೆಟ್ಟಿಗೆಗೆ ಆರು ಮೀಟರ್ ದೂರ. ಖಾಲಿ ಬ್ಯಾಟರಿ 60 ಆಂಪಿಯರ್ ಎಳೆದಾಗ ಈ ಕೇಬಲ್ಲಿನಲ್ಲಿ ಕಾಲು ವೋಲ್ಟ್ ಕಳೆಯುತ್ತದೆ. 10 ಸ್ಕ್ವೇರಿನದ್ದಾದರೆ 0.6 ವೋಲ್ಟ್ ಮೀರುತ್ತದೆ. 14.2 ಬರಬೇಕಾದ ಕಡೆ 13.6 ಬಂದರೆ ಬ್ಯಾಟರಿ ತುಂಬುವುದಕ್ಕೆ ಎಷ್ಟೋ ಹೆಚ್ಚು ಹೊತ್ತು ಬೇಕು.

ಕೆಲಸ ನಡೆದದ್ದು ಒಂದು ಸೋಮವಾರ, ಬೆಳಗ್ಗೆ ಒಂಬತ್ತರಿಂದ ಸಂಜೆ ಆರರ ತನಕ. ಮೊದಲು ಮೈನಸ್ ಬಿಚ್ಚಿದರು. ಪ್ಲಸ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಗಾಡಿಯ ಲೋಹಕ್ಕೆ ತಾಗಿದರೆ ಬೆಂಕಿಯೇ ಹಾರುತ್ತದೆ. ಹಾಕುವಾಗ ಮೈನಸ್ ಕೊನೆಗೆ. ಬ್ಯಾಟರಿಗೆ ಕಬ್ಬಿಣದ ಪಟ್ಟಿಯ ಪೆಟ್ಟಿಗೆ ಮುಂಚೆಯೇ ಮಾಡಿಸಿದ್ದೆ, 1,800 ರೂಪಾಯಿ. ಕ್ಯಾಬಿನ್ ಹಿಂದೆ, ಲೋಡ್ ಬಾಡಿಯ ಮೂಲೆಯಲ್ಲಿ ನಾಲ್ಕು ಬೋಲ್ಟಿನಲ್ಲಿ ಕೂರಿಸಿದರು. ಅಡಿಗೆ ರಬ್ಬರ್ ಶೀಟ್. 30 ಕೆಜಿ ವಸ್ತು ಸಡಿಲ ಇದ್ದರೆ ಒಂದು ಬ್ರೇಕಿಗೆ ಮುಂದೆ ನುಗ್ಗುತ್ತದೆ.

ಫ್ಯೂಸ್ ಎರಡು ಬೇಕು. ಇದನ್ನು ಯಾರೂ ಬಿಡಬೇಡಿ. ಕೇಬಲ್ಲಿನ ಎರಡೂ ತುದಿಯಲ್ಲಿ ಬ್ಯಾಟರಿ ಇದೆ ಅಲ್ವಾ? ನಡುವೆ ಎಲ್ಲಾದರೂ ಇನ್ಸುಲೇಷನ್ ಸವೆದು ಚಾಸಿಗೆ ತಾಗಿದರೆ ಎರಡೂ ಕಡೆಯಿಂದ ಕರೆಂಟ್ ನುಗ್ಗುತ್ತದೆ. ಒಂದೇ ಫ್ಯೂಸ್ ಇದ್ದರೆ ಇನ್ನೊಂದು ಬದಿ ಉರಿಯುತ್ತಲೇ ಇರುತ್ತದೆ. ಪ್ರತಿ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ 100 ಆಂಪಿಯರಿನ ಒಂದೊಂದು ಫ್ಯೂಸ್ ಹಾಕಿಸಿದೆ, ಎರಡಕ್ಕೂ ಹೋಲ್ಡರ್ ಸಮೇತ 700. ಕೇಬಲ್ ಪೂರ್ತಿ ಫ್ಲೆಕ್ಸಿಬಲ್ ಪೈಪಿನೊಳಗೆ, ಸೈಲೆನ್ಸರ್ ಮತ್ತು ಡೀಸೆಲ್ ಪೈಪಿನಿಂದ ದೂರ, ಚಾಸಿಯ ಒಳಬದಿಯಲ್ಲಿ ಹೋಯಿತು. ಮಲೆನಾಡಿನಲ್ಲಿ ಇಲಿ ಕಾಟ ಇದ್ದೇ ಇದೆ. ಪೈಪಿನ ಬಾಯಿಗೂ ಟೇಪ್ ಸುತ್ತಿಸಿ.

ಮಧ್ಯಾಹ್ನ ಒಂದು ವಿಘ್ನ. ಎಲೆಕ್ಟ್ರಿಷಿಯನ್ ಊಟಕ್ಕೆ ಹೋದಾಗ ಸಹಾಯಕ ಹುಡುಗ ಒಂದು ಲಗ್ಗನ್ನು, ಅಂದರೆ ಕೇಬಲ್ ತುದಿಗೆ ಹಾಕುವ ಲೋಹದ ಕೊಂಡಿಯನ್ನು, ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ದ. ಯಾರಿಗೂ ಗೊತ್ತಾಗಲಿಲ್ಲ. ಎಲ್ಲಾ ಜೋಡಿಸಿ ಎಂಜಿನ್ ಓಡಿಸಿ ಹತ್ತು ನಿಮಿಷಕ್ಕೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಮುಟ್ಟಿ ನೋಡಿದೆ, ಬೆರಳು ಚುರ್ ಅಂತು. ಕೆಂಪು ಸ್ಲೀವು ಮೆತ್ತಗಾಗಿ ಲಗ್ಗಿನ ಕುತ್ತಿಗೆಗೆ ಅಂಟಿಕೊಂಡಿತ್ತು. ಪಕ್ಕದ ಲಗ್ಗು ತಣ್ಣಗೇ ಇತ್ತು. ಬಿಚ್ಚಿ ಎಳೆದರೆ ಕೇಬಲ್ ಕೈಗೇ ಬಂತು. ಅವರು ಹುಡುಗನಿಗೆ ಬೈಯಲಿಲ್ಲ. ತುದಿ ಕತ್ತರಿಸಿ ಹೈಡ್ರಾಲಿಕ್ ಕ್ರಿಂಪಿಂಗ್ ಟೂಲಿನಲ್ಲಿ ಅವನ ಕೈಯಿಂದಲೇ ಮತ್ತೆ ಒತ್ತಿಸಿದರು. ನಿಮ್ಮ ಕೆಲಸ ಮುಗಿದ ಮೇಲೆ ಹೀಗೆ ಮಾಡಿ: ಹತ್ತು ನಿಮಿಷ ಲೋಡ್ ಕೊಟ್ಟು, ಎಂಜಿನ್ ನಿಲ್ಲಿಸಿ, ಪ್ರತಿ ಜೋಡಣೆಯನ್ನೂ ಮುಟ್ಟಿ ನೋಡಿ. ಬಿಸಿ ಇದ್ದಲ್ಲಿ ಜೋಡಣೆ ಸಡಿಲ ಇದೆ ಅಂತಲೇ ಅರ್ಥ.

ಅರ್ಥಿಂಗ್ ಬಗ್ಗೆಯೂ ಹೇಳಬೇಕು. ಎಲ್ಲರೂ ಪ್ಲಸ್ ವೈರಿಗೆ ದುಡ್ಡು ಹಾಕಿ ಮೈನಸ್ಸನ್ನು ಯಾವುದೋ ಸ್ಕ್ರೂಗೆ ಕಟ್ಟಿಬಿಡುತ್ತಾರೆ. ಚಾಸಿಯ ಬಣ್ಣವನ್ನು ಉಜ್ಜುಕಾಗದದಲ್ಲಿ ಲೋಹ ಹೊಳೆಯುವ ತನಕ ಕೆರೆದು, ಬೋಲ್ಟ್ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರು. ಮೈನಸ್ಸಿಗೂ ಅದೇ 25 ಸ್ಕ್ವೇರ್ ಕೇಬಲ್.

ಸಂಜೆ ಆರಕ್ಕೆ ಕೀ ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ಬಾನೆಟ್ಟಿನ ಕೆಳಗಿಂದ 'ಟಕ್' ಅಂತ ಸದ್ದು. ಬಾಗಿಲು ತೆರೆದಿತ್ತು. ಮುಂದೆ 14.2, ಹಿಂದೆ 14.0. ಎಂಜಿನ್ ನಿಲ್ಲಿಸಿ ಹಾಡು ಹಾಕಿದೆ. ಒಂದೆರಡು ನಿಮಿಷಕ್ಕೆ ಮತ್ತೆ 'ಟಕ್'. ಹಿಂದಿನದು ಇಳಿಯುತ್ತಿತ್ತು, ಮುಂದಿನದು ಅಲ್ಲಾಡಲಿಲ್ಲ. ಏಳು ವಾರದಿಂದ ಎದೆಯಲ್ಲಿ ಕೂತಿದ್ದ ಭಾರ ಆಗ ಇಳಿಯಿತು.

ಮನೆಗೆ ಬರುವಾಗ ಇನ್ನೊಂದು ತೊಂದರೆ ಗೊತ್ತಾಯಿತು. ಹಾರ್ನಿನಲ್ಲಿ ಕುಂಯ್ ಅನ್ನೋ ಸಣ್ಣ ಸದ್ದು. ಆ್ಯಕ್ಸಿಲರೇಟರ್ ಒತ್ತಿದಷ್ಟೂ ಏರುತ್ತಿತ್ತು. ಎರಡು ದಿನ ಹುಡುಕಿದೆ. ಹಾಡು ಬರುತ್ತಿದ್ದ ಮೊಬೈಲನ್ನು ಕ್ಯಾಬಿನ್ನಿನ ಚಾರ್ಜರಿಗೆ ಸಿಕ್ಕಿಸಿದ್ದೇ ಕಾರಣ. ಮೊಬೈಲಿಗೆ ಅರ್ಥ್ ಒಂದು ಕಡೆಯಿಂದ, ಆಂಪ್ಲಿಫೈಯರಿಗೆ ಇನ್ನೊಂದು ಕಡೆಯಿಂದ ಬಂದು ಡೈನಮೋದ ಸದ್ದು ಆಡಿಯೋ ವೈರಿಗೆ ನುಸುಳುತ್ತಿತ್ತು. ಚಾರ್ಜರ್ ಕಿತ್ತರೆ ಮೌನ. ಈಗ ಮೊಬೈಲಿಗೆ ಪವರ್ ಬ್ಯಾಂಕ್.

ನನ್ನ ಗಾಡಿ 2015ರದ್ದು, ಆದ್ದರಿಂದ ಈ ರಿಲೇ ಸಾಕಾಯಿತು. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳಲ್ಲಿ ಎಷ್ಟೋದರ ಡೈನಮೋ ಕಂಪ್ಯೂಟರ್ ಹೇಳಿದಂತೆ ಕೇಳುತ್ತದೆ. ಡೀಸೆಲ್ ಉಳಿಸಲು ವೋಲ್ಟೇಜ್ ತಾನೇ ಇಳಿಸಿಬಿಡುತ್ತದೆ. ಅಲ್ಲಿ ವಿಎಸ್‌ಆರ್ ಸುಮ್ನೆ ಟಕ್ ಟಕ್ ಅನ್ನುತ್ತಾ ಇರುತ್ತದೆ, ಬ್ಯಾಟರಿ ತುಂಬುವುದಿಲ್ಲ. ಅಂಥ ಗಾಡಿಗೆ, ವೋಲ್ಟೇಜ್ ಇಳಿದರೂ ಬ್ಯಾಟರಿಗೆ ಬೇಕಾದಷ್ಟಕ್ಕೆ ಏರಿಸಿ ಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕು. ಮೈನಸ್ ಟರ್ಮಿನಲ್ ಮೇಲೆ ಸಣ್ಣ ಸೆನ್ಸರ್ ಡಬ್ಬಿ ಇದ್ದರೆ ನಿಮ್ಮ ಅರ್ಥ್ ವೈರನ್ನು ಟರ್ಮಿನಲ್ಲಿಗೆ ಕೊಡಬೇಡಿ, ಚಾಸಿಗೆ ಕೊಡಿ.

ಕಾಗದ ಪತ್ರದ ಕಡೆ ಭಯ ಇತ್ತು. ಗಾಡಿಯ ಮೂಲ ರಚನೆ ಬದಲಾಯಿಸಿದರೆ ಮೋಟಾರು ವಾಹನ ಕಾಯ್ದೆಯಲ್ಲಿ ಒಂದೊಂದು ಬದಲಾವಣೆಗೆ 5,000 ದಂಡ ಇದೆ. ಹಾಗಾಗಿ ಎಲ್ಲೂ ವೆಲ್ಡಿಂಗ್ ಮಾಡಿಸಲಿಲ್ಲ, ಚಾಸಿ ಕೊರೆಯಲಿಲ್ಲ, ಅರ್ಥಿಗೂ ಮೊದಲೇ ಇದ್ದ ತೂತನ್ನೇ ಬಳಸಿದೆವು. ಪೆಟ್ಟಿಗೆ ಬಿಚ್ಚಿ ತೆಗೆಯಬಹುದು. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಪ್ರಮಾಣಪತ್ರ, ಮಾಡಿಸಬೇಕು. ಈ ಸಲ ಹೋದಾಗ ಬಿಲ್ಲುಗಳನ್ನೂ ಒಯ್ದಿದ್ದೆ. ಪೆಟ್ಟಿಗೆ ಅಲ್ಲಾಡಿಸಿ ನೋಡಿದರು, ಫ್ಯೂಸ್ ಎಲ್ಲಿ ಅಂತ ಕೇಳಿದರು, ಪಾಸ್ ಆಯಿತು. ವಿಮೆಗೂ ಬರೆದು ತಿಳಿಸಿದೆ. ಕಂಪನಿಯಿಂದ ಬಾರದ ಎಲೆಕ್ಟ್ರಿಕಲ್ ಸಾಮಾನನ್ನು ಸ್ವಲ್ಪ ಪ್ರೀಮಿಯಂ ಕಟ್ಟಿ ಪಾಲಿಸಿಗೆ ಸೇರಿಸಬಹುದು. ಮುಚ್ಚಿಟ್ಟರೆ ಬೆಂಕಿ ಬಿದ್ದ ದಿನ ಕ್ಲೇಮಿಗೆ ಕಷ್ಟ. ಬ್ಯಾಟರಿ ದೊಡ್ಡದಾಯಿತು ಅಂತ ಮೈಕ್ ಹಾಕಲು ಕಾನೂನಿನಲ್ಲಿ ಹೊತ್ತೇನೂ ಜಾಸ್ತಿ ಸಿಗುವುದಿಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಹಾಕುವಂತಿಲ್ಲ. ಅನುಮತಿ ಪತ್ರದ ಒಂದು ಪ್ರತಿ ಗಾಡಿಯಲ್ಲೇ ಇಟ್ಟಿರುತ್ತೇನೆ.

ಲಗ್ಗು, ಸ್ಲೀವು, ಪೈಪು 450, ಕೂಲಿ 1,500 ಸೇರಿ ಒಟ್ಟು 20,960 ಆಯಿತು. ಮೊದಲ ಸಲದ ಜೋಡಣೆ ಮತ್ತು ಅಲ್ಯೂಮಿನಿಯಂ ಕೇಬಲ್ಲಿಗೆ ಹಾಳಾದ 3,800 ಇದರಲ್ಲಿ ಸೇರಿಲ್ಲ.

ಒಂದು ವಿಷಯ ಮಾತ್ರ ನಾನು ಅಂದುಕೊಂಡಂತೆ ಆಗಲಿಲ್ಲ. ಗಾಡಿ ಓಡಿದರೆ ಸಾಕು, ಬ್ಯಾಟರಿ ತುಂಬುತ್ತದೆ ಅಂತ ನಂಬಿದ್ದೆ. ಅರ್ಧ ಖಾಲಿಯಾದ ಬ್ಯಾಟರಿ ಒಂದು ಗಂಟೆ ಓಟಕ್ಕೆ ಮುಕ್ಕಾಲೂ ಆಗುವುದಿಲ್ಲ. ಕೊನೆಯ ಕಾಲು ಭಾಗವಂತೂ ತುಂಬಾ ನಿಧಾನ. ಹಾಗಾಗಿ ಕಾರ್ಯಕ್ರಮ ಮುಗಿದ ರಾತ್ರಿ ಮನೆಯ ಚಾರ್ಜರಿಗೆ ಹಾಕುತ್ತೇನೆ, ಬೆಳಗ್ಗೆ ತೆಗೆಯುತ್ತೇನೆ. ಆ ಕೆಲಸ ಅಪ್ಪಯ್ಯನೇ ವಹಿಸಿಕೊಂಡಿದ್ದಾರೆ. ಬೆಳಗ್ಗೆ ಕಾಫಿ ಕುಡಿಯುತ್ತಾ ಮೀಟರ್ ಇಟ್ಟು ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಲ್ಲಿ ಬರೆಯುತ್ತಾರೆ. ಇವತ್ತಿನದು 12.8.